ಚಪ್ಪಲಿಗಳ ತರಗತಿ

ಬೂಟಿನ ಲೇಸನ್ನು ಎಳೆದು ಕಟ್ಟಿ, ಎರಡು ಕಿವಿ ಬಿಟ್ಟು, ಬಿಚ್ಚಿಹೋಗದಿರಲೆಂದು ಮೇಲೊಂದು ಗಂಟು ಹಾಕಿ, "ಆಯ್ತು, ಓಡು" ಎಂದು ಬೂಟಿನ ತಲೆ ತಟ್ಟಿ ಎದ್ದ ಮೇಲೆಯೇ ದೊಡ್ಡ ಟೀಚರಿಗೆ ತಾನೇನು ಮಾಡಿದೆನೆಂಬುದು ಅರಿವಾದದ್ದು. ಬೂಟಿನೊಳಗಿದ್ದ ಕಾಲು ಮಗುವಿನದಲ್ಲ. ಶಿಶುವಿಹಾರದ ಟೀಚರುಗಳಿಗೆ ತರಬೇತಿ ಕೊಡಲು ಬಂದಿದ್ದ, ಗಡ್ಡ ಬಿಟ್ಟ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಗಂಡಸಿನದು. ಸರಿಯಾಗಿ ಅದೇ ಹೊತ್ತಿಗೆ ಅವನು, ಮಕ್ಕಳು ತಾವೇ ಮಾಡಬಲ್ಲ ಕೆಲಸವನ್ನು ನಾವು ಅವಸರಪಟ್ಟು ಮಾಡಿಕೊಟ್ಟುಬಿಡುತ್ತೇವೆ, ಅದು ಅವರ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗೆ ಎಂದು ಹೇಳುತ್ತಾ ಮುಂದಿನ ಸಾಲಿನವರೆಗೂ ನಡೆದು ಬಂದು ನಿಂತಿದ್ದ. ಲೇಸು ನೆಲಕ್ಕೆ ಬಿದ್ದಿತ್ತು. ಅವಳ ಕಣ್ಣಿಗೆ ಕಂಡದ್ದು ಲೇಸು ಮಾತ್ರ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಷ್ಟೇ ಸಾಕಾಯಿತು, ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ತರಬೇತುದಾರ ಕೆಳಗೆ ಬಗ್ಗಿ ತನ್ನ ಬೂಟನ್ನು ನೋಡಿಕೊಂಡು, ಮಕ್ಕಳು ರಾಗ ಎಳೆಯುವ ಹಾಗೆಯೇ "ಥ್ಯಾಂಕ್ಯೂ ಟೀಚರ್" ಎಂದ. ನಗು ಇನ್ನೊಂದು ಸುತ್ತು ಬಂತು.

ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕುಳಿತಳು. ಅದೂ ಮಕ್ಕಳ ಕುರ್ಚಿಯೇ. ಶಿಶುವಿಹಾರದ ಮಹಡಿಯ ಕೋಣೆಯಲ್ಲಿ ದೊಡ್ಡವರ ಕುರ್ಚಿಗಳಿರಲಿಲ್ಲ, ಹಾಗಾಗಿ ಬಂದವರೆಲ್ಲ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತು ಎರಡು ದಿನದ ತರಬೇತಿ ಪಡೆಯುತ್ತಿದ್ದರು, ಇವತ್ತು ಕೊನೆಯ ದಿನ. ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು. ಈ ಕೈಗಳದ್ದು ಯಾವಾಗಲೂ ಇದೇ ಗೋಳು. ಬಸ್ಸಿನಲ್ಲಿ ಗುರುತಿಲ್ಲದವರ ಮಗುವಿನ ಮೂಗು ಒರೆಸಿ ಬೈಸಿಕೊಂಡದ್ದುಂಟು. ಬ್ಯಾಂಕಿನಲ್ಲಿ ಸಾಲು ಸೊಟ್ಟಗಿದೆಯೆಂದು ಮುಂದಿದ್ದ ಮುದುಕರ ಭುಜ ಹಿಡಿದು ನೇರ ನಿಲ್ಲಿಸಿದ್ದುಂಟು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾನೆ ಗಂಡ, ಅವನ ಮಾತಿಗೆ ಅವಳು ಉತ್ತರ ಕೊಡುತ್ತಾಳೆ, ಆ ಉತ್ತರಕ್ಕೆ ಅವನು ಕೊಡಬೇಕಾದ ಉತ್ತರವನ್ನೂ ಅವಳೇ ಕೊಡುತ್ತಾಳೆ. "ಪ್ರಶ್ನೆನೂ ನಿಂದೇ, ಉತ್ತರಾನೂ ನಿಂದೇ. ನಾನು ಸಾಕ್ಷಿಗೆ ಮಾತ್ರ ಇರೋದು ಈ ಮನೇಲಿ" ಎನ್ನುತ್ತಾನೆ ಅವನು, ಪೇಪರಿನಿಂದ ತಲೆಯೆತ್ತದೆ. ಆದರೆ ಇವತ್ತು ಅವಳನ್ನು ಕಾಡುತ್ತಿದ್ದುದು ಬೂಟಲ್ಲ. ಬೂಟು ನಗೆಯಲ್ಲಿ ಮುಗಿಯಿತು. ಮಧ್ಯಾಹ್ನ ಊಟವಾದ ಮೇಲೆ ವಿಡಿಯೋ ಇತ್ತು.

ಹೋದ ವಾರ ತರಬೇತುದಾರ ಪ್ರತಿ ಕೋಣೆಗೂ ಒಂದು ಬೆಳಗಿನ ಮಟ್ಟಿಗೆ ಬೆಂಕಿಪೊಟ್ಟಣದಷ್ಟೇ ಇದ್ದ ಕ್ಯಾಮೆರಾ ಕೊಟ್ಟಿದ್ದ. ನಾವು ಮಕ್ಕಳ ಜೊತೆ ಹೇಗಿರುತ್ತೇವೆಂಬುದು ನಮಗೆ ಕಾಣುವುದಿಲ್ಲ, ಒಮ್ಮೆ ಹೊರಗಿನಿಂದ ನೋಡಿಕೊಳ್ಳಬೇಕು, ಎಲ್ಲರೂ ಒಟ್ಟಿಗೆ ಕೂತು ನೋಡೋಣ ಎಂದಿದ್ದ. ದೊಡ್ಡ ಟೀಚರ್ ಅದನ್ನು ಬಾಗಿಲ ಪಕ್ಕದ ಬೀರುವಿನ ಮೇಲೆ, ತಾನು ಕೂರುವ ಚಾಪೆಯ ಕಡೆಗೆ ಮುಖ ಮಾಡಿ ಇಟ್ಟಿದ್ದಳು. ಹಾಡು ಶುರುವಾಗುವ ಹೊತ್ತಿಗೆ ಅದರ ಕೆಂಪು ಚುಕ್ಕೆ ಕಣ್ಣಿಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತನ್ನ ಸೀರೆ ನೋಡಿಕೊಂಡಳು, ದನಿ ನೋಡಿಕೊಂಡಳು, ಎದ್ದು ಧೂಳು ಒರೆಸುವವಳಂತೆ ಹೋಗಿ ಅದನ್ನು ಬಾಗಿಲ ಕಡೆಗೆ ತಿರುಗಿಸಿಬಿಟ್ಟಳು. ಇಷ್ಟು ವರ್ಷದ ಕೆಲಸ, ಊರ ಅರ್ಧ ಮಕ್ಕಳಿಗೆ ಚಡ್ಡಿ ತೊಡಿಸಿದ ಕೈ, ಯಾರಿಗೆ ಹೆದರಬೇಕು ಅವಳು? ಆದರೆ ಹೆದರಿದ್ದು ನಿಜ. ಯಾರಿಗೆ ಎಂಬುದೂ ಅವಳಿಗೆ ಗೊತ್ತಿತ್ತು. ಆ ಚಾಪೆಯ ತುದಿಯಲ್ಲಿ ಕೂರುತ್ತಿದ್ದ, ಅಜ್ಜ ಇಟ್ಟ ಅಡ್ಡಹೆಸರಿನಿಂದಲೇ ಎಲ್ಲರೂ ಕರೆಯುವ ಬಟಾಣಿ ಎಂಬ ಹುಡುಗಿಗೆ.

ಬಟಾಣಿ ಬಂದು ಸೇರಿ ಅರ್ಧ ವರ್ಷವಾಗಿತ್ತು. ಚಿತ್ರ ಬರೆಯುತ್ತಿದ್ದಳು, ಡಬ್ಬಿ ಖಾಲಿ ಮಾಡುತ್ತಿದ್ದಳು, ಬಿದ್ದ ಮಕ್ಕಳನ್ನು ಎತ್ತುತ್ತಿದ್ದಳು, ಆದರೆ ಈ ಕಟ್ಟಡದೊಳಗೆ ಒಂದು ಮಾತು ಆಡಿರಲಿಲ್ಲ. "ಮನೇಲಿ ನಲ್ಲಿ ಬಿಟ್ಟ ಹಾಗೆ ಮಾತಾಡ್ತಾಳೆ ಟೀಚರ್, ನಮಗೇ ಸಾಕಪ್ಪ ಅನ್ಸುತ್ತೆ" ಎಂದು ಅವಳ ಅಮ್ಮ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಗುವನ್ನು ಕರೆದೊಯ್ಯಲು ಬಂದಾಗಲೆಲ್ಲ ಹೇಳುತ್ತಿದ್ದಳು, ಸುಳ್ಳೆಂದು ತಿಳಿದಾರೆಂಬ ಹೆದರಿಕೆಯಲ್ಲಿ. ದೊಡ್ಡ ಟೀಚರ್ ಮುದ್ದು ಮಾಡಿ ಕೇಳಿದಳು, ಕಿವಿಯಲ್ಲಿ ಕೇಳಿದಳು, ಕೈಗೊಂಬೆ ಹಾಕಿಕೊಂಡು ಕೇಳಿದಳು. ಒಂದು ದಿನ ಸೊಂಟನೋವು ಜೋರಾಗಿತ್ತು, ಹಾಜರಿಯ ಹೊತ್ತು, ಎಲ್ಲ ಮಕ್ಕಳೂ "ಬಂದಿದೀನಿ ಟೀಚರ್" ಎನ್ನುತ್ತಿದ್ದಾಗ ಬಟಾಣಿಯ ಸರದಿಗೆ ಎಂದಿನಂತೆ ಎಲ್ಲ ನಿಂತಿತು. "ಬಾಯಲ್ಲಿ ಏನಮ್ಮ ಇಟ್ಕೊಂಡಿದೀಯಾ?" ಎಂದುಬಿಟ್ಟಳು ಅವಳು. ತಮಾಷೆಗೆ ಅಂದದ್ದೇ. ಮಕ್ಕಳು ನಕ್ಕವು. ಬಟಾಣಿಯ ಕಿವಿಗಳು ಕೆಂಪಾದವು, ಅವಳು ನಿಧಾನಕ್ಕೆ ಬಾಯಿ ತೆರೆದು, ಒಳಗೆ ಏನೂ ಇಲ್ಲವೆಂದು ತೋರಿಸಿದಳು. ಆ ಪುಟ್ಟ ಖಾಲಿ ಬಾಯಿ ದೊಡ್ಡ ಟೀಚರಿಗೆ ಈಗಲೂ ತಟ್ಟೆಯ ಮುಂದೆ ಕೂತಾಗ ನೆನಪಾಗುತ್ತದೆ. ಅಂದಿನಿಂದ ಕಥೆಯ ಹೊತ್ತಿಗೆ ಮಗು ಎದ್ದು ಹೋಗಿ ಬಾಗಿಲ ಮೂಲೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮುಂದೆ, ಇತ್ತ ಬೆನ್ನು ಮಾಡಿ ಕೂರತೊಡಗಿತು. ತಡೆಯುವ ಧೈರ್ಯ ಅವಳಿಗಾಗಲಿಲ್ಲ. ಈ ಮಗು ನನಗೆ ಹೆದರಿ ಓಡಿಹೋಗುತ್ತಿದೆ ಎಂದು ಮನಸ್ಸು ಹೇಳಿತು, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಈಗ ಹೆಡ್ ಮೇಡಂ ಕೇಳಿದ್ದರು, ಮುಂದಿನ ವರ್ಷ ಇವಳನ್ನು ಜೊತೆಯವರೊಡನೆ ಮೇಲಿನ ತರಗತಿಗೆ ಕಳಿಸುವುದೋ, ಚಿಕ್ಕ ಕೂಸುಗಳ ಕೋಣೆಗೆ ಹಿಂದಕ್ಕೆ ಹಾಕುವುದೋ, ತರಬೇತಿ ಮುಗಿದ ಮೇಲೆ ನೀವೇ ಹೇಳಿ ಎಂದು. ಹಿಂದಕ್ಕೆ ಹಾಕಿದರೆ ಬಟಾಣಿ ಬೇರೆ ಟೀಚರಿನ ಕೈಗೆ ಹೋಗುತ್ತಾಳೆ, ತನ್ನ ಕಣ್ಣೆದುರಿನಿಂದ ತಪ್ಪುತ್ತಾಳೆ. ಹೋಗಲಿ ಅನ್ನಿಸಿತ್ತು ಒಂದು ಗಳಿಗೆ. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು.

"ಈಗ ಇಬ್ಬಿಬ್ಬರು ಎದುರುಬದುರು ಕೂತ್ಕೊಳ್ಳಿ" ಎನ್ನುತ್ತಿದ್ದ ತರಬೇತುದಾರ. "ಒಬ್ಬರು ಒಂದು ಪ್ರಶ್ನೆ ಕೇಳಿ. ಕೇಳಿದ ಮೇಲೆ ಸುಮ್ಮನೆ ಕಾಯಬೇಕು. ಎದುರಿನವರು ಎಷ್ಟು ಹೊತ್ತು ತಗೊಂಡ್ರೂ ಸರಿ. ಮಕ್ಕಳಿಗೆ ಉತ್ತರ ಹುಡುಕೋಕೆ ನಮಗಿಂತ ಹೆಚ್ಚು ಹೊತ್ತು ಬೇಕು, ನಾವೋ ಅಷ್ಟರಲ್ಲಿ ಮೂರು ಪ್ರಶ್ನೆ ಕೇಳಿರ್ತೀವಿ." ಅವಳಿಗೆ ಎದುರಾದದ್ದು ಪಕ್ಕದ ಕೋಣೆಯ ಚಿಕ್ಕ ಟೀಚರ್, ಹೊಸಬಳು, ಅವಳ ಮಗನಿಗಿಂತಲೂ ಕಿರಿಯಳು. ದೊಡ್ಡ ಟೀಚರ್ ಗಂಟಲು ಸರಿಮಾಡಿಕೊಂಡು, ಇದೇನು ಮಹಾ ಎಂದುಕೊಂಡು, "ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿದಳು. ಚಿಕ್ಕ ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. "ಏನೂ ತಿಂದಿಲ್ಲ ಅನ್ಸುತ್ತೆ. ಮುಖ ನೋಡಿದ್ರೇ ಗೊತ್ತಾಗುತ್ತೆ. ಬ್ರೆಡ್ ಆದ್ರೂ ತಿಂದು ಬರಬೇಕಮ್ಮ, ಖಾಲಿ ಹೊಟ್ಟೇಲಿ ಮಕ್ಕಳನ್ನ ಎತ್ತೋಕಾಗುತ್ತಾ, ತಲೆ ಸುತ್ತಿದ್ರೆ ಏನು ಗತಿ."

"ನಾನು ಬಾಯಿ ಬಿಡೋ ಮೊದಲೇ ನನ್ನ ತಿಂಡಿ ಮುಗೀತು, ತಲೆನೂ ಸುತ್ತಿತು" ಎಂದಳು ಚಿಕ್ಕ ಟೀಚರ್, ನಗುತ್ತಾ. "ಈಗ ನಾನು ಕೇಳ್ತೀನಿ. ನೀವು ಚಿಕ್ಕವರಿದ್ದಾಗ ಏನು ಇಷ್ಟ ಇತ್ತು, ಟೀಚರ್?" ಕೇಳಿ, ಕೈ ಕಟ್ಟಿ, ಅವಳ ಮುಖವನ್ನೇ ನೋಡುತ್ತಾ ಕುಳಿತಳು. ಉತ್ತರ ಸಿದ್ಧವಾಗಿಯೇ ಇತ್ತು, ಆಟ, ಓಟ, ಏನೋ ಒಂದು, ಆದರೆ ಯಾಕೋ ನಾಲಿಗೆಗೆ ಬರಲಿಲ್ಲ. ಆ ಹುಡುಗಿ ಕಾಯುತ್ತಲೇ ಇದ್ದಳು. ಕಣ್ಣಲ್ಲಿ ಅವಸರವಿರಲಿಲ್ಲ, ಹುಬ್ಬು ಮೇಲಕ್ಕೇರಿರಲಿಲ್ಲ. ಸುತ್ತಲಿನ ಗದ್ದಲ ಹಿಂದೆ ಸರಿದಂತಾಗಿ ದೊಡ್ಡ ಟೀಚರಿಗೆ ದೊಡ್ಡಮ್ಮನ ಮನೆಯ ಹಜಾರ ಕಂಡಿತು, ಬಾಗಿಲ ಪಕ್ಕ ನೀರಿನ ಹೂಜಿ, ಅದರ ಮೈಮೇಲೆ ಜಿನುಗಿದ ಹನಿ. ಬಿಸಿಲಲ್ಲಿ ನಡೆದು ಬಂದಿದ್ದರು. ಪುಟ್ಟಿಗೆ ಏನು ಕೊಡಲಿ, ನೀರಾ, ಹಾಲಾ ಎಂದು ದೊಡ್ಡಮ್ಮ ಬಗ್ಗಿ ಅವಳನ್ನೇ ಕೇಳಿದ್ದರು. ಅವಳು ಹೂಜಿಯನ್ನು ನೋಡುತ್ತಾ ಯೋಚಿಸುತ್ತಿದ್ದಳು, ಎರಡೂ ಬೇಕಿತ್ತು, ಮೊದಲು ಯಾವುದು ಎಂಬುದಷ್ಟೇ ಪ್ರಶ್ನೆ. ಅವಳಿಗೇನೂ ಬೇಡಕ್ಕಾ, ಈಗ ತಾನೇ ಕುಡಿದಳು ಎಂದಿದ್ದಳು ಅಮ್ಮ. ಅಮ್ಮ ಕೆಟ್ಟವಳಲ್ಲ, ಕೊಡುವವರಿಗೆ ತೊಂದರೆಯಾಗಬಾರದೆಂದು ಹಾಗೆ ಹೇಳಿದ್ದು. ಆದರೆ ಆ ಮಧ್ಯಾಹ್ನವೆಲ್ಲ ಅವಳು ಬಾಯಾರಿಕೊಂಡು ಕೂತಿದ್ದಳು. ಇದೆಲ್ಲ ಇಷ್ಟು ವರ್ಷ ಎಲ್ಲಿತ್ತು? "ನೀರು" ಎಂದಳು ಕೊನೆಗೆ. "ಹೂಜಿ ನೀರು ಇಷ್ಟ ಇತ್ತು." ಯಾರೋ ತನಗಾಗಿ ಇಷ್ಟು ಹೊತ್ತು ಕಾದರಲ್ಲ ಎಂಬ ಒಂದೇ ಕಾರಣಕ್ಕೆ ಅವಳ ಕಣ್ಣು ತುಂಬಿತು, ಹಿತವಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಊಟದ ಬಿಡುವಿನಲ್ಲಿ ಅವಳು ಡಬ್ಬಿ ತೆರೆಯದೆ ತರಬೇತುದಾರನನ್ನು ಹುಡುಕಿಕೊಂಡು ಹೋದಳು. ಅವನು ಮೆಟ್ಟಿಲ ಮೇಲೆ ಕೂತು ತನ್ನ ಬೂಟಿನ ಗಂಟಿನೊಡನೆ ಗುದ್ದಾಡುತ್ತಿದ್ದ. "ಏನು ಗಂಟು ಹಾಕಿದ್ದೀರಿ ಟೀಚರ್, ಹಲ್ಲಲ್ಲಿ ಕಚ್ಚಿದ್ರೂ ಬಿಡ್ತಿಲ್ಲ" ಎಂದ. ಅವಳ ಕೈ ತಾನಾಗಿಯೇ ಮುಂದೆ ಹೋಯಿತು, ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಅದನ್ನು ನೋಡಿ ಅವನು ನಕ್ಕ. "ನನ್ನ ವಿಡಿಯೋ ಬೇಡ ಸರ್" ಎಂದಳು. "ಕ್ಯಾಮೆರಾ ಏನೋ ಕೆಟ್ಟಿತ್ತು ಅನ್ಸುತ್ತೆ. ಏನೂ ಬಂದಿರಲ್ಲ."

"ಬಂದಿದೆಯೋ ಇಲ್ವೋ ನನಗೂ ಗೊತ್ತಿಲ್ಲ. ಟೀಚರ್‌ಗಿಂತ ಮೊದಲು ನಾನು ನೋಡಬಾರದು ಅಂತ ನಮ್ಮಲ್ಲೊಂದು ಪದ್ಧತಿ. ನಿಮಗೆ ಬೇಡ ಅಂದ್ರೆ ಬಿಟ್ಟುಬಿಡೋಣ."

ಇಷ್ಟು ಸುಲಭಕ್ಕೆ ಬಿಟ್ಟುಬಿಡುತ್ತಾನೆಂದು ಅವಳು ಎಣಿಸಿರಲಿಲ್ಲ. ಅವನು ಮತ್ತೆ ಗಂಟಿನ ಕಡೆಗೆ ತಿರುಗಿದ, ಅವಳ ಉತ್ತರಕ್ಕೆ ಕಾಯುತ್ತಿದ್ದಾನೆಂಬುದು ಅವಳಿಗೆ ಗೊತ್ತಾಗುತ್ತಿತ್ತು. ಈ ಕಾಯುವವರ ಹಾವಳಿ ತಡೆಯಲಾಗದು ಅನ್ನಿಸಿತು. ಬೇಡ ಎಂದರೆ ಬಾಗಿಲು ಮುಚ್ಚುತ್ತದೆ, ಬಟಾಣಿ ಕೂಸುಗಳ ಕೋಣೆಗೆ ಹೋಗುತ್ತಾಳೆ, ತಾನು ಇನ್ನೆಷ್ಟೋ ವರ್ಷ ಇದೇ ಚಾಪೆಯ ಮೇಲೆ ಕೂತು, ಪ್ರಶ್ನೆಯನ್ನೂ ಉತ್ತರವನ್ನೂ ಹೇಳಿಕೊಂಡಿರುತ್ತಾಳೆ. "ತೋರಿಸಿ ಸರ್" ಎಂದಳು. "ಹಾಳಾಗಿ ಹೋಗಲಿ." ಆಮೇಲೆ ಹೋಗಿ ಡಬ್ಬಿ ತೆರೆದಳು, ಹಸಿವಾಗಿತ್ತು.

ಪರದೆಯ ಮೇಲೆ ಮೊದಲು ಕಂಡದ್ದು ಒಂದು ಬಾಗಿಲು. ತುಂಬ ಹೊತ್ತು ಬಾಗಿಲೇ. ಅದರ ಮೂಲೆಯಲ್ಲಿ ಚಪ್ಪಲಿ ಸ್ಟ್ಯಾಂಡು, ಅದರ ಮೇಲೂ ಕೆಳಗೂ ಮಕ್ಕಳ ಚಪ್ಪಲಿ, ಬೂಟು. ಚಿತ್ರದಲ್ಲಿಲ್ಲದ ಕಡೆಯಿಂದ ಅವಳ ದನಿ ಬರುತ್ತಿತ್ತು. ಅದು ತನ್ನ ದನಿಯೆಂದು ಒಪ್ಪಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಿತು. "ಆನೆ ಎಲ್ಲಿಗೆ ಹೋಯ್ತು ಮಕ್ಕಳೇ? ಕಾಡಿಗೆ ಹೋಯ್ತು. ಕಾಡಲ್ಲಿ ಯಾರಿದ್ರು? ನರಿ ಇತ್ತು. ನರಿ ಏನಂತು? ಬಾ ಅಂತು." ಉಸಿರು ಬಿಡಲು ಕೂಡ ಎಡೆಯಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ತರಬೇತುದಾರ ತಲೆ ಕೆರೆದುಕೊಂಡು, "ಕ್ಯಾಮೆರಾ ಹೇಗೋ ತಿರುಗಿಬಿಟ್ಟಿದೆ ಅನ್ಸುತ್ತೆ" ಎಂದ. ಒಪ್ಪಿಕೊಂಡು ಸುಮ್ಮನಿದ್ದರೆ ಮುಗಿಯುತ್ತಿತ್ತು. "ತಿರುಗಿದ್ದಲ್ಲ. ನಾನೇ ತಿರುಗಿಸಿದ್ದು" ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಹೆದರಿಕೆ ಆಯ್ತು." ಹಿಂದೆ ಗೋಡೆಗೊರಗಿ ನಿಂತಿದ್ದ ಹೆಡ್ ಮೇಡಂ ಕೂಡ ಕತ್ತು ಚಾಚಿದರು. ಯಾರೂ ನಗಲಿಲ್ಲ. ಚಿಕ್ಕ ಟೀಚರ್ ತನ್ನ ಕುರ್ಚಿಯನ್ನು ಸ್ವಲ್ಪ ಇತ್ತ ಎಳೆದುಕೊಂಡಳು.

ಅಷ್ಟರಲ್ಲಿ ಚಿತ್ರದೊಳಕ್ಕೆ ಬಟಾಣಿ ನಡೆದು ಬಂದಳು. ಚಪ್ಪಲಿ ಸ್ಟ್ಯಾಂಡಿನ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ ನನ್ನ ಸೊಂಟ, ಮಕ್ಕಳೇ" ಎಂದಳು. ಸ್ಪಷ್ಟವಾದ, ತುಸು ಒರಟಾದ, ಯಾರೂ ಇಲ್ಲಿ ಕೇಳಿರದ ದನಿ. ದೊಡ್ಡ ಟೀಚರ್ ಆ ಪುಟ್ಟ ಕುರ್ಚಿಯಿಂದ ಅರ್ಧ ಎದ್ದಳು. ಮಗು ನಿಧಾನಕ್ಕೆ, ವಯಸ್ಸಾದವರ ಹಾಗೆ ಮೊಣಕಾಲು ಹಿಡಿದು ಕೆಳಗೆ ಕುಳಿತು, ಚಪ್ಪಲಿಗಳನ್ನೆಲ್ಲ ಇಳಿಸಿ ತನ್ನ ಮುಂದೆ ಅರ್ಧಚಂದ್ರದ ಹಾಗೆ ಕೂರಿಸಿತು. "ಶ್. ತುಟಿ ಮೇಲೆ ಬೆರಳು. ನೀಲಿ ಬೂಟು, ನಿನಗೆ ಬೇರೆ ಹೇಳಬೇಕಾ?" ಕೋಣೆಯಲ್ಲಿ ನಗು ಉಕ್ಕಿತು. ಪಟ್ಟಿ ಕಿತ್ತುಹೋದ ಒಂದು ಹಳೇ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು, "ಅಳು ಬರ್ತಿದೆಯಾ? ಬರಲಿ. ಅತ್ತು ಮುಗಿದ ಮೇಲೆ ಹೇಳು, ನಾನು ಇಲ್ಲೇ ಇರ್ತೀನಿ" ಎಂದಿತು. ಅದು ಅವಳದೇ ಮಾತು, ಬಿದ್ದು ಬಂದ ಮಕ್ಕಳಿಗೆ ಅವಳು ದಿನವೂ ಹೇಳುವ ಮಾತು, ಅಕ್ಷರ ಬಿಡದೆ. ಮತ್ತೊಂದು ಬೂಟಿನ ಲೇಸನ್ನು ಹೇಗೋ ಸುತ್ತಿ ಸುತ್ತಿ ಒಳಗೆ ತುರುಕಿ, "ಆಯ್ತು, ಓಡು" ಎಂದು ತಲೆ ತಟ್ಟಿತು. ಬೆಳಗಿನ ಬೂಟು ಎಲ್ಲರಿಗೂ ನೆನಪಾಯಿತು, ಈ ಸಲ ನಕ್ಕವರಲ್ಲಿ ದೊಡ್ಡ ಟೀಚರೂ ಇದ್ದಳು. ತರಬೇತುದಾರ ಬಿಚ್ಚಲಾಗದ ತನ್ನ ಬೂಟನ್ನು ಮೇಲೆತ್ತಿ ತೋರಿಸಿದ.

ಆಮೇಲೆ ಬಟಾಣಿ ಕೆಂಪು ಚಪ್ಪಲಿಯೊಂದರ ಕಡೆಗೆ ಬಗ್ಗಿ, "ನೀನು ಹೇಳು ನೋಡೋಣ. ಆನೆ ಎಲ್ಲಿಗೆ ಹೋಯ್ತು?" ಎಂದು ಕೇಳಿದಳು. ಕೇಳಿ ಸುಮ್ಮನಾದಳು. ಚಾಪೆಯ ಕಡೆಯಿಂದ ದೊಡ್ಡ ಟೀಚರಿನ ದನಿ ಇನ್ನೂ ಎರಡು ಪ್ರಶ್ನೆ ಕೇಳಿ ಎರಡಕ್ಕೂ ಉತ್ತರ ಕೊಟ್ಟು ಮುಂದೆ ಹೋಯಿತು. ಬಟಾಣಿ ಅಲ್ಲಾಡಲಿಲ್ಲ. ಗಲ್ಲಕ್ಕೆ ಕೈಯಿಟ್ಟುಕೊಂಡು ಚಪ್ಪಲಿಯನ್ನೇ ನೋಡುತ್ತಿದ್ದಳು, ಚಪ್ಪಲಿಗೆ ಬೇಕಾದಷ್ಟು ಹೊತ್ತಿದೆ ಎಂಬಂತೆ. ತರಬೇತುದಾರ ಕುರ್ಚಿಯ ತುದಿಗೆ ಬಂದಿದ್ದ. ಕೋಣೆಯ ಟೀಚರುಗಳೆಲ್ಲ ಆ ಚಪ್ಪಲಿ ಈಗೇನು ಹೇಳುತ್ತದೋ ಎಂದು ಉಸಿರು ಹಿಡಿದು ಕೂತಿದ್ದರು. ಕೊನೆಗೆ ಬಟಾಣಿ ಚಪ್ಪಲಿಯನ್ನು ಎತ್ತಿ ಕಿವಿಗೆ ಹಿಡಿದು ಕೇಳಿಸಿಕೊಂಡಳು, ತಲೆಯಾಡಿಸಿದಳು, "ಹೌದಾ. ಅದರ ಅಮ್ಮನ ಹತ್ರ ಹೋಯ್ತಾ. ನನಗೆ ಗೊತ್ತೇ ಇರಲಿಲ್ಲ" ಎಂದು ಅದನ್ನು ಮೆಲ್ಲಗೆ ಸಾಲಿಗೆ ಸೇರಿಸಿದಳು. "ಗುರುವಿಗೇ ತಿರುಮಂತ್ರ" ಎಂದಳು ಚಿಕ್ಕ ಟೀಚರ್ ಮೆತ್ತಗೆ, ಕಣ್ಣೊರೆಸಿಕೊಳ್ಳುತ್ತಾ. ದೊಡ್ಡ ಟೀಚರಿಗೆ ಅವಮಾನವಾಗಬೇಕಿತ್ತು, ಅದಕ್ಕೆಂದು ಒಳಗೆಲ್ಲ ತಡಕಾಡಿದಳು, ಸಿಗಲಿಲ್ಲ. ಸಿಕ್ಕಿದ್ದು ಬರಿಯ ಸಂತೋಷ. ಮಗು ಹೆದರಿ ಓಡಿದ್ದಲ್ಲ. ಹೆದರಿದವರ ನಡಿಗೆಯನ್ನು, ಸೊಂಟನೋವನ್ನು, ತಟ್ಟುವ ಕೈಯನ್ನು ಯಾರೂ ಇಷ್ಟು ಪ್ರೀತಿಯಿಂದ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಬರೀ ಸ್ವಲ್ಪ ಜಾಗ ಬೇಕಿತ್ತು ಅದಕ್ಕೆ, ಟೀಚರಿನ ಮಾತು ತುಂಬಿರದ ಒಂದು ಮೂಲೆ ಬೇಕಿತ್ತು.

ದೀಪ ಹಾಕಿದ ಮೇಲೆ ಹೆಡ್ ಮೇಡಂ ಹತ್ತಿರ ಬಂದರು. ಒಳ್ಳೆಯ ಹೆಂಗಸು, ಆದರೆ ಹತ್ತು ಕಡೆಯ ಯೋಚನೆ ಇರುವವರು. "ಚೆನ್ನಾಗಿತ್ತು" ಎಂದರು. "ಆದ್ರೆ ಮೇಲಿನ ತರಗತೀಲಿ ಚಪ್ಪಲಿ ಜೊತೆ ಮಾತಾಡಿದ್ರೆ ಆಗುತ್ತಾ? ಮನುಷ್ಯರ ಜೊತೆ ಆಡಬೇಕಲ್ಲ."

"ಜೊತೆಯವರ ಜೊತೆಗೇ ಹೋಗಲಿ ಮೇಡಂ. ಹಿಂದಕ್ಕೆ ಹಾಕೋದು ಬೇಡ."

"ನಿಮ್ಮ ಹತ್ರ ಆಡ್ತಾಳಾ?"

"ಇನ್ನೂ ಇಲ್ಲ" ಎಂದಳು ಅವಳು. ಇನ್ನೂ ಹೇಳಬೇಕೆನಿಸಿತು, ನುಂಗಿಕೊಂಡಳು. ಹೆಡ್ ಮೇಡಂ ಕಾದರು. ಅವಳೂ ಕಾದಳು. ಇದು ಇಬ್ಬರಿಗೂ ಹೊಸದು. "ಸರಿ, ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೀನಿ. ಆಮೇಲೆ ಅವರಮ್ಮನಿಗೆ ಹೇಳೋಣ" ಎಂದು ಅವರು ಹೊರಟರು.

ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದಳು, ಬೂಟಿನಿಂದ ಕೆಂಪು ಚಪ್ಪಲಿಯವರೆಗೆ, ಬಟಾಣಿಯ ದನಿಯನ್ನು ತಾನು ಅನುಕರಿಸಿ, ಅಂದರೆ ತನ್ನನ್ನು ತಾನೇ ಅನುಕರಿಸಿ. ಅವನು ಪೇಪರು ಕೆಳಗಿಟ್ಟು ನಕ್ಕ, ಆಮೇಲೆ "ನಾಳೆ ಏನು ಮಾಡ್ತೀಯಾ?" ಎಂದು ಕೇಳಿದ. ಅವಳು ಅವನ ಪಕ್ಕಕ್ಕೆ ಬಂದು ಕೂತಳು. "ಮೇಡಂ ಬಂದು ನಿಂತಿರ್ತಾರೆ, ನನಗೆ ಸುಮ್ಮನಿರೋಕಾಗಲ್ಲ ರೀ. ಹೇಳು ಪುಟ್ಟಿ, ಹೇಳು ಪುಟ್ಟಿ ಅಂತ ಪ್ರಾಣ ತಿಂತೀನಿ. ಎಲ್ಲ ಕೆಡಿಸ್ತೀನಿ." ಅವನು ಎದ್ದು ಹೋಗಿ, ತನ್ನ ಅಂಗಿಯ ಜೇಬಿನಿಂದ, ಸಿಗರೇಟು ಬಿಟ್ಟಾಗಿನಿಂದ ಇಟ್ಟುಕೊಳ್ಳುತ್ತಿದ್ದ ಪೆಪ್ಪರ್‌ಮಿಂಟ್ ಒಂದನ್ನು ತಂದು ಅವಳ ಅಂಗೈಯಲ್ಲಿಟ್ಟ. "ಬಾಯಿಗೆ ಹಾಕ್ಕೋ. ಕರಗೋ ತನಕ ತುಟಿ ಬಿಚ್ಚಬೇಡ. ಕಡಿಯೋದು ಮೋಸ." ಅವಳು ಬೆಳಿಗ್ಗೆಯವರೆಗೂ ಅದನ್ನು ಕರವಸ್ತ್ರದಲ್ಲಿ ಗಂಟು ಹಾಕಿಟ್ಟುಕೊಂಡಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಟೀಚರುಗಳ ಚಪ್ಪಲಿ ಬಿಡುವ ಕಡೆ ಬಿಡದೆ ತನ್ನ ಅಗಲವಾದ ಕಂದು ಚಪ್ಪಲಿಗಳನ್ನು ಬಾಗಿಲ ಮೂಲೆಯಲ್ಲಿ ಮಕ್ಕಳು ಚಪ್ಪಲಿ ಬಿಡುವ ಜಾಗದ ಮಧ್ಯೆ ಬಿಟ್ಟಳು, ಅವಸರದಲ್ಲಿ ಎಡಗಾಲಿನದು ಬಲಕ್ಕೆ ಬಂದಿತ್ತು. ಸ್ವಲ್ಪ ಆಚೆ ಗೋಡೆಗೊರಗಿ, ಕಾಲು ಚಾಚಿ ಕುಳಿತು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡಳು. ಮಕ್ಕಳು ಬಂದವು, ಕೆಲವು ಅಳುತ್ತಾ, ಕೆಲವು ಓಡುತ್ತಾ. ಚಿಕ್ಕ ಟೀಚರ್ ಅವರನ್ನೆಲ್ಲ ಚಾಪೆಗೆ ಕರೆದುಕೊಂಡು ಹೋಗಿ ಹಾಡು ಹಿಡಿದಳು, ಹಾಗೆಂದು ಮೊದಲೇ ಮಾತಾಗಿತ್ತು. ಹೆಡ್ ಮೇಡಂ ಬಂದು ಹೊಸಲ ಆಚೆ ನಿಂತರು. ಬಟಾಣಿ ಕೊನೆಗೆ ಬಂದಳು, ಅಮ್ಮನ ಕೈ ಬಿಟ್ಟು ಒಳಗೆ ಕಾಲಿಟ್ಟವಳು ಸಾಲನ್ನು ನೋಡಿ ನಿಂತುಬಿಟ್ಟಳು. ದೊಡ್ಡ ಚಪ್ಪಲಿಯನ್ನು ನೋಡಿದಳು. ಗೋಡೆಯ ಪಕ್ಕದ ಬರಿಗಾಲುಗಳನ್ನು ನೋಡಿದಳು. ಮತ್ತೆ ಚಪ್ಪಲಿಯನ್ನು ನೋಡಿದಳು. ದೊಡ್ಡ ಟೀಚರಿನ ನಾಲಿಗೆಯ ಮೇಲೆ ಹತ್ತು ಪ್ರಶ್ನೆಗಳು ನಿಂತಿದ್ದವು, ಪೆಪ್ಪರ್‌ಮಿಂಟನ್ನು ಕಡಿದುಬಿಡಲೇ ಅನ್ನಿಸಿತು. ಅವಳು ಅದನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸಾಗಿಸಿದಳು.

ಬಟಾಣಿ ಕುಳಿತು ಎಡದ್ದನ್ನು ಎಡಕ್ಕೂ ಬಲದ್ದನ್ನು ಬಲಕ್ಕೂ ಇಟ್ಟಳು. "ಹೊಸಬರಾ?" ಎಂದು ಚಪ್ಪಲಿಗಳನ್ನು ಕೇಳಿದಳು. ಸುಮ್ಮನಿದ್ದಳು. ಬಗ್ಗಿ ಕಿವಿ ಕೊಟ್ಟಳು. "ಅಳಬಾರದು. ಇಲ್ಲಿ ಎಲ್ಲರೂ ನಿಮ್ಮವರೇ. ಸಂಜೆ ಅಮ್ಮ ಬಂದೇ ಬರ್ತಾರೆ." ಮೊದಲ ದಿನ, ಬಾಗಿಲಲ್ಲಿ, ಬಟಾಣಿಯ ಬೆನ್ನು ಸವರುತ್ತಾ ದೊಡ್ಡ ಟೀಚರ್ ಹೇಳಿದ ಮಾತು ಅದು. ಅವಳು ಹೇಳಿದ್ದನ್ನು ಅವಳೇ ಮರೆತಿದ್ದಳು. ಅಷ್ಟರಲ್ಲಿ ಹೆಡ್ ಮೇಡಂ, ಇನ್ನಷ್ಟು ಚೆನ್ನಾಗಿ ಕೇಳಿಸಲೆಂದೇನೋ, ಹೊಸಲು ದಾಟಿ ಒಳಗೆ ಒಂದು ಹೆಜ್ಜೆ ಇಟ್ಟರು. ಅವರ ಹಿಮ್ಮಡಿ ಎತ್ತರದ ಚಪ್ಪಲಿ ಟಕ್ಕೆಂದಿತು. ಬಟಾಣಿ ತಲೆಯೆತ್ತಿ, ಕಾಲಿನಿಂದ ಮುಖದವರೆಗೆ ಅವರನ್ನು ನೋಡಿ, ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಚಪ್ಪಲಿ ಬಿಚ್ಚಿ ಒಳಗೆ ಬರಬೇಕು. ನಿಮಗೆ ಬೇರೆ ಹೇಳಬೇಕಾ?"

ಹೆಡ್ ಮೇಡಂ ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂಟಿಕಾಲಲ್ಲಿ ನಿಂತು, ಒಂದಾದ ಮೇಲೊಂದು ಚಪ್ಪಲಿ ಬಿಚ್ಚಿದರು. ಬಿಚ್ಚಿದ್ದನ್ನು ಎಲ್ಲಿಡಬೇಕೆಂದು ತೋಚದೆ ಕೈಯಲ್ಲಿ ಹಿಡಿದುಕೊಂಡು ನಿಂತರು. ಬಟಾಣಿ ಅವನ್ನು ಅವರ ಕೈಯಿಂದ ಇಸಿದುಕೊಂಡು ಕಂದು ಚಪ್ಪಲಿಯ ಪಕ್ಕ ಕೂರಿಸಿದಳು. ಹೆಡ್ ಮೇಡಂ ದೊಡ್ಡ ಟೀಚರಿನ ಕಡೆ ತಿರುಗಿ, ಮೇಲೆ ಎಂಬಂತೆ ಬೆರಳು ತೋರಿಸಿ ತಲೆಯಾಡಿಸಿದರು. ಹೊರಗೆ ಇನ್ನೂ ಹೋಗದೆ ನಿಂತಿದ್ದ ಬಟಾಣಿಯ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ನಗುವಿಗೋ ಅಳುವಿಗೋ ತಿಳಿಯುವಂತಿರಲಿಲ್ಲ. ದೊಡ್ಡ ಟೀಚರಿಗೆ ಎದ್ದು ಕುಣಿಯಬೇಕೆನಿಸಿತು, ಸೊಂಟ ಬಿಡಲಿಲ್ಲ. ಅವಳು ಕೂತಲ್ಲೇ ಕೂತಿದ್ದಳು, ತುಟಿ ಬಿಗಿದು, ಕೆನ್ನೆ ಉಬ್ಬಿಸಿಕೊಂಡು.

ಆಗ ಬಟಾಣಿ ಅವಳ ಹತ್ತಿರ ಬಂದಳು. ಯಾವತ್ತೂ ಇಲ್ಲದೆ ಇವತ್ತು ಟೀಚರ್ ಯಾಕೆ ಮಾತಾಡುತ್ತಿಲ್ಲ ಎಂಬ ಚಿಂತೆ ಅವಳ ಹುಬ್ಬಿನಲ್ಲಿತ್ತು. ಮೊಣಕಾಲೂರಿ ಎದುರು ಕುಳಿತು, ಉಬ್ಬಿದ ಕೆನ್ನೆಯನ್ನು ಒಂದು ಬೆರಳಿನಿಂದ ಒತ್ತಿ ನೋಡಿದಳು.

"ಟೀಚರ್, ಬಾಯಲ್ಲಿ ಏನು ಇಟ್ಕೊಂಡಿದೀರ?"

ಕೇಳಿ, ಗಲ್ಲಕ್ಕೆ ಕೈಯಿಟ್ಟುಕೊಂಡು, ಕಾಯುತ್ತಾ ಕುಳಿತಳು. ಚಾಪೆಯ ಮೇಲೆ ಹಾಡು ಮುಗಿದು ಇನ್ನೊಂದು ಹಾಡು ಶುರುವಾಯಿತು. ಬಟಾಣಿಗೆ ಅವಸರವಿರಲಿಲ್ಲ. ದೊಡ್ಡ ಟೀಚರ್ ನಿಧಾನಕ್ಕೆ ಬಾಯಿ ತೆರೆದು, ಕರಗಿ ಉಗುರಿನಷ್ಟಾಗಿದ್ದ ಪೆಪ್ಪರ್‌ಮಿಂಟನ್ನು ನಾಲಿಗೆಯ ತುದಿಗೆ ತಂದು ತೋರಿಸಿದಳು.